ಕೊಳಚೆಯ ತಗ್ಗಿನಿಂದ ಅಗೆದ ಮಣ್ಣಿನ ಗತಿಯೇನು?

ನೀರು ತಗ್ಗಿಗೆ ಹರಿಯುವುದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಸರಳವಾದ ನಿಯಮದಿಂದ ಹುಟ್ಟುವ ಒಂದು ಫಲವನ್ನು ನಾವು ಗಮನಿಸುವುದು ಕಡಮೆ. ಊರಿನ ಕೊಳಚೆ ನೀರನ್ನು ಶುದ್ಧಮಾಡುವ ಘಟಕವನ್ನು ಎಲ್ಲಿ ಕಟ್ಟಬೇಕು? ಊರಿನ ಚರಂಡಿಗಳು ತಾವಾಗಿಯೇ ಹರಿದು ಸೇರುವ ತಗ್ಗಿನಲ್ಲಿ ಕಟ್ಟಬೇಕು. ಎತ್ತರದಲ್ಲಿ ಕಟ್ಟಿದರೆ ಪ್ರತಿದಿನವೂ ಪಂಪು ಓಡಿಸಿ ನೀರನ್ನು ಮೇಲೆತ್ತಬೇಕಾಗುವುದು. ಆದರೆ ಆ ತಗ್ಗು ಹತ್ತಾರು ವರ್ಷಗಳಿಂದ ಊರಿನ ಕೊಳಚೆಯನ್ನು ಕುಡಿಯುತ್ತ ಬಂದಿರುವ ನೆಲ. ಆದುದರಿಂದ ಶುದ್ಧೀಕರಣ ಘಟಕಕ್ಕೆ ತಳಪಾಯ ತೋಡುವವರು ಅನೇಕ ವೇಳೆ ಮೊಟ್ಟಮೊದಲು ಎತ್ತಿ ಹೊರಹಾಕುವುದು ಮಲಿನವಾದ ಮಣ್ಣನ್ನೇ. ಘಟಕದ ಯಂತ್ರಗಳ ವಿಷಯವಾಗಿ ಬೇಕಾದಷ್ಟು ಬರೆಯುತ್ತಾರೆ. ಈ ಮಣ್ಣಿನ ವಿಷಯವಾಗಿ ಬರೆಯುವವರು ವಿರಳ.

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನು ಬಿಟ್ಟರೆ ಉಳಿಯುವ ತಾಲ್ಲೂಕುಗಳು ಐದು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2011ರ ಜನಗಣತಿಯಲ್ಲಿ ಈ ಐದು ಊರುಗಳ ಪೈಕಿ ಒಂದರಲ್ಲಿಯೂ ಲಕ್ಷ ಜನರಿರಲಿಲ್ಲ. 2021ರ ಅಕ್ಟೋಬರಿನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತವು ಲಕ್ಷಕ್ಕಿಂತ ಕಡಮೆ ಜನಸಂಖ್ಯೆಯ ಊರುಗಳ ಕೊಳಚೆ ನೀರಿನ ಕಡೆಗೂ ದೃಷ್ಟಿ ಹರಿಸಿತು. ಹೀಗಾಗಿ ಹಿಂದೆ ದೊಡ್ಡ ನಗರಗಳಿಗೆ ಮಾತ್ರ ಬರುತ್ತಿದ್ದ ಈ ಪ್ರಶ್ನೆ ಈಗ ಇಂಥ ಊರುಗಳ ಬಾಗಿಲಿಗೂ ಬಂದಿದೆ. ಈ ಸೀಮೆಯ ನೆಲವನ್ನೂ ನೀರನ್ನೂ ಎದುರಿಗಿಟ್ಟುಕೊಂಡೇ ನಾವು ವಿಷಯವನ್ನು ಪರಿಶೀಲಿಸೋಣ.

ಮೊದಲು ಮೊತ್ತವನ್ನು ಲೆಕ್ಕಹಾಕೋಣ. 30 ಮೀಟರು ಉದ್ದ, 20 ಮೀಟರು ಅಗಲ, 4 ಮೀಟರು ಆಳದ ಒಂದು ತೊಟ್ಟಿಗೆ ತೋಡಬೇಕಾದ ಮಣ್ಣು 2,400 ಘನ ಮೀಟರು. ಆದರೆ ನೆಲದಲ್ಲಿ ಅದುಮಿ ಕುಳಿತಿದ್ದ ಮಣ್ಣು ಹೊರಬಂದ ಕೂಡಲೆ ಸಡಿಲವಾಗಿ, ಹೆಂಟೆಗಳ ನಡುವೆ ಗಾಳಿ ಸೇರಿ, ನಾಲ್ಕನೆಯ ಒಂದು ಪಾಲಿನಷ್ಟು ಉಬ್ಬುವುದುಂಟು. ಆಗ ಅದು 3,000 ಘನ ಮೀಟರಾಗುವುದು. ಒಂದು ಟಿಪ್ಪರಿಗೆ 6 ಘನ ಮೀಟರಿನಂತೆ 500 ಸಲ ಸಾಗಿಸಬೇಕು. ತೋಡಿದ ಜಾಗದಲ್ಲಿ ಕಾಂಕ್ರೀಟಿನ ತೊಟ್ಟಿ ಕುಳಿತಿರುವುದರಿಂದ ಮಣ್ಣನ್ನು ಹಿಂದಕ್ಕೆ ತುಂಬುವಂತೆಯೂ ಇಲ್ಲ. ಅದು ಎಲ್ಲಿಗಾದರೂ ಹೋಗಲೇಬೇಕು.

ಎಲ್ಲಿಗೆ ಹೋಗುವುದೆಂದು ಊಹಿಸುವುದು ಕಷ್ಟವಲ್ಲ. ಬೇಸಗೆಯಲ್ಲಿ ಕೆರೆ ಬತ್ತಿದಾಗ ಅದರ ಗೋಡನ್ನು ಬಂಡಿಯಲ್ಲಿ ಹೇರಿಕೊಂಡು ಬಂದು ಹೊಲಕ್ಕೆ ಹರಡುವುದು ನಮ್ಮ ರೈತರ ಹಳೆಯ ಪದ್ಧತಿ, ಮತ್ತು ಬಹಳ ಒಳ್ಳೆಯ ಪದ್ಧತಿ. ಕೆಂಪು ಮಸಾರಿ ನೆಲಕ್ಕೆ ಗೋಡು ಸೇರಿದರೆ ತೇವ ನಿಲ್ಲುವುದು, ಸತ್ವ ಕೂಡುವುದು. ಕೊಳಚೆಯ ತಗ್ಗಿನಿಂದ ಬಂದ ಮಣ್ಣೂ ನೋಡಲು ಕೆರೆಯ ಗೋಡಿನಂತೆಯೇ ಕಪ್ಪಾಗಿ, ಜಿಗುಟಾಗಿ ಇರುವುದು. ಅದನ್ನು ಪುಕ್ಕಟೆಯಾಗಿ ಕೊಡುತ್ತೇವೆಂದರೆ ಯಾವ ರೈತ ಬೇಡವೆಂದಾನು? ಗುತ್ತಿಗೆದಾರನಿಗೂ ಸಾಗಣೆಯ ದೂರ ಉಳಿಯುವುದು. ಇಬ್ಬರೂ ಪ್ರಾಮಾಣಿಕರಾಗಿಯೇ ಇದ್ದು, ಇಬ್ಬರಿಗೂ ಅನುಕೂಲವಾಗಿಯೇ ತೋರುವ ಈ ವ್ಯವಹಾರದಲ್ಲಿ ತೊಡಕು ಎಲ್ಲಿರುವುದೆಂಬುದನ್ನು ತಿಳಿಯಬೇಕಾದರೆ ಮಣ್ಣಿನ ಒಳಗನ್ನು ನೋಡಬೇಕು.

ಕೊಳಚೆಯ ಮಣ್ಣಿನಲ್ಲಿರುವ ಕೇಡು ಒಂದೇ ಬಗೆಯದಲ್ಲ. ರೋಗಾಣುಗಳು ಮತ್ತು ಜಂತುಹುಳುವಿನ ಮೊಟ್ಟೆಗಳು ಒಂದು ಬಗೆ. ಬಿಸಿಲು, ಒಣಹವೆ, ಕಾಲ ಈ ಮೂರೂ ಸೇರಿ ಇವನ್ನು ನಾಶಮಾಡುತ್ತವೆ. ಜಂತುಹುಳುವಿನ ಮೊಟ್ಟೆ ಮಾತ್ರ ಮಹಾ ಹಟಮಾರಿ. ತೇವ ನೆರಳಿನ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು. ಕಸದೊಡನೆ ಬೆರಸಿ ಗೊಬ್ಬರದ ರಾಶಿ ಮಾಡಿ, ರಾಶಿಯ ಒಳಗಣ ಉಷ್ಣತೆಯನ್ನು ಹಲವು ದಿನ 55 ಡಿಗ್ರಿ ಸೆಲ್ಸಿಯಸಿಗೆ ಮೇಲಿರಿಸಿದರೆ ಅದೂ ಸಾಯುವುದು. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲದ ಕೆಸರಿನ ಸಂಸ್ಕರಣ ಘಟಕದಲ್ಲಿ ಒಣಗಿದ ಕೆಸರನ್ನು ಊರಿನ ಹಸಿ ಕಸದೊಡನೆ ಸೇರಿಸಿ ಗೊಬ್ಬರ ಮಾಡುವ ಕ್ರಮ ಇದೇ ತತ್ತ್ವವನ್ನು ಅನುಸರಿಸಿದುದು. ಎರಡನೆಯದು ಕೊಳೆಯುವ ಸಾವಯವ ವಸ್ತು. ಗಾಳಿ ದೊರೆತರೆ ಅದು ತಾನೇ ಕರಗಿಹೋಗುವುದು. ಮೂರನೆಯದು ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ಪಾದರಸ ಮೊದಲಾದ ಲೋಹಗಳು. ಇವು ಮೂಲವಸ್ತುಗಳು. ಬಿಸಿಲು ಇವನ್ನು ಕೊಲ್ಲಲಾರದು, ಅಣುಜೀವಿ ಇವನ್ನು ತಿಂದು ಮುಗಿಸಲಾರದು. ಕಾಲ ಕಳೆದರೆ ಇವು ಸ್ಥಳ ಬದಲಾಯಿಸಬಹುದು, ಸಂಯುಕ್ತ ಬದಲಾಯಿಸಬಹುದು, ಇಲ್ಲವಾಗುವುದಂತೂ ಸಾಧ್ಯವಿಲ್ಲ.

ದೊಡ್ಡ ಕಾರ್ಖಾನೆಗಳಿಲ್ಲದ ಊರಿನಲ್ಲಿ ಲೋಹ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಸಣ್ಣ ಊರಿನ ಕೊಳಚೆಯಲ್ಲಿ ಲೋಹದ ಅಂಶ ಮಹಾನಗರದ ಕೊಳಚೆಯಲ್ಲಿರುವಷ್ಟು ಇರಲಾರದೆಂಬುದೇ ನಮ್ಮ ಎಣಿಕೆ. ಆದರೆ ಬ್ಯಾಟರಿ ದುರಸ್ತಿಯ ಒಂದೇ ಒಂದು ಅಂಗಡಿ, ವಾಹನ ತೊಳೆಯುವ ಗ್ಯಾರೇಜು, ಸತುವಿನ ಲೇಪವಿರುವ ಕೊಳವೆಗಳು, ಬಣ್ಣದ ಡಬ್ಬಿಗಳು, ಇವುಗಳ ಕಾಣಿಕೆ ವರ್ಷಗಟ್ಟಲೆ ಒಂದೇ ತಗ್ಗಿನಲ್ಲಿ ಶೇಖರವಾಗುತ್ತ ಹೋದರೆ ಫಲವೇನೆಂದು ಎಣಿಕೆಯಿಂದ ಹೇಳಲಾಗದು. ಅಳೆದೇ ಹೇಳಬೇಕು.

ಇಲ್ಲಿ ಕಣ್ಣೂ ಮೂಗೂ ನಮ್ಮನ್ನು ಮೋಸಗೊಳಿಸುತ್ತವೆ. ಕೊಳಚೆಯ ಕೆಸರು ಕಪ್ಪಗಿರುವುದು ಏತಕ್ಕೆ? ಅದರೊಳಕ್ಕೆ ಗಾಳಿ ಹೋಗದು. ಗಾಳಿಯಿಲ್ಲದೆ ಬದುಕುವ ಅಣುಜೀವಿಗಳು ಅಲ್ಲಿ ಸಲ್ಫೇಟನ್ನು ಸಲ್ಫೈಡನ್ನಾಗಿ ಮಾರ್ಪಡಿಸುತ್ತವೆ. ಅದು ಮಣ್ಣಿನ ಕಬ್ಬಿಣದೊಡನೆ ಕೂಡಿ ಕಪ್ಪಾದ ಕಬ್ಬಿಣದ ಸಲ್ಫೈಡಾಗುವುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡು ಅನಿಲವೂ ಅಲ್ಲಿಯೇ ಹುಟ್ಟುವುದು. (ಈ ಅನಿಲದ ಅಣುಭಾರ 34, ಗಾಳಿಯದು ಸರಾಸರಿ 29. ಆದುದರಿಂದ ಅದು ಗುಂಡಿಯ ತಳದಲ್ಲಿ ಮಡುಗಟ್ಟುವುದು. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆ ಬರುತ್ತಿಲ್ಲವೆಂದು ಗುಂಡಿಗೆ ಇಳಿದವರು ಪ್ರಾಣ ಕಳೆದುಕೊಂಡಿರುವುದುಂಟು. ಅನಿಲವನ್ನು ಅಳೆಯದೆ ಕೆಲಸಗಾರರನ್ನು ಇಳಿಸಲೇಬಾರದು.) ಸತು, ಕ್ಯಾಡ್ಮಿಯಂ, ಸೀಸಗಳೂ ಕೆಸರಿನಲ್ಲಿ ಸಲ್ಫೈಡುಗಳಾಗಿಯೇ ಇರುತ್ತವೆ. ಸಲ್ಫೈಡುಗಳು ನೀರಿನಲ್ಲಿ ಕರಗುವುದು ಅತ್ಯಲ್ಪ. ಎಂದರೆ, ದುರ್ವಾಸನೆಯ ಕಪ್ಪು ಕೆಸರಿನಲ್ಲಿ ಲೋಹಗಳು ಬೀಗ ಹಾಕಿದಂತೆ ಬಂಧನದಲ್ಲಿರುತ್ತವೆ.

ಈ ಕೆಸರನ್ನು ಎತ್ತಿ ಬಯಲಿನಲ್ಲಿ ರಾಶಿ ಹಾಕಿದರೆ ಆಗುವುದೇನು? ಕೆಲವೇ ವಾರಗಳಲ್ಲಿ ವಾಸನೆ ಹೋಗುವುದು, ಕಪ್ಪು ಬಣ್ಣ ಕಂದಾಗುವುದು, ಮಣ್ಣು ಪುಡಿಪುಡಿಯಾಗಿ ಕೈಗೆ ಹಿತವಾಗುವುದು. ನೋಡಿದವರು ಮಣ್ಣು ಶುದ್ಧವಾಯಿತೆಂದು ಭಾವಿಸುವರು. ವಾಸ್ತವವಾಗಿ ನಡೆದುದು ಬೇರೆ. ಗಾಳಿಯ ಆಮ್ಲಜನಕವು ಸಲ್ಫೈಡನ್ನು ಸಲ್ಫೇಟಾಗಿ ಬದಲಾಯಿಸಿದೆ. ಜೊತೆಗೆ ಸ್ವಲ್ಪ ಗಂಧಕಾಮ್ಲವೂ ಹುಟ್ಟಿದೆ. ಕ್ಯಾಡ್ಮಿಯಂ ಮತ್ತು ಸತುವಿನ ಸಲ್ಫೇಟುಗಳು ನೀರಿನಲ್ಲಿ ಚೆನ್ನಾಗಿ ಕರಗುವ ಲವಣಗಳು. ಮಣ್ಣು ನಾರುತ್ತಿದ್ದಾಗ ಬಂಧನದಲ್ಲಿದ್ದ ಲೋಹ, ಮಣ್ಣು ಚೆನ್ನಾಗಿ ಕಾಣತೊಡಗಿದಾಗಲೇ ಹೊರಡಲು ಸಿದ್ಧವಾಗಿದೆ. ಮಣ್ಣಿನಲ್ಲಿ ಸುಣ್ಣದ ಅಂಶವಿದ್ದರೆ ಆಮ್ಲವು ಅಲ್ಲಿಯೇ ಶಮನವಾಗಿ ಅಪಾಯ ಬಹುಮಟ್ಟಿಗೆ ತಗ್ಗುವುದು. ಸುಣ್ಣದ ಹರಳುಗಳಿರುವ ಎರೆಮಣ್ಣಿಗೆ ಈ ಅನುಕೂಲವುಂಟು, ಮಸಾರಿಗೆ ಅಷ್ಟಾಗಿಲ್ಲ. ರೈತನು ಗೋಡನ್ನು ಬಯಸುವುದು ಮಸಾರಿ ಹೊಲಕ್ಕೆ ಎಂಬುದನ್ನು ಇಲ್ಲಿ ನೆನೆಯಬೇಕು.

ಎರೆ, ಮಸಾರಿಗಳ ವ್ಯತ್ಯಾಸ ಇಷ್ಟಕ್ಕೇ ಮುಗಿಯಲಿಲ್ಲ. ಒಂದು ಗ್ರಾಮು ಮರಳಿನ ಕಣಗಳ ಮೇಲ್ಮೈಗಳನ್ನೆಲ್ಲ ಬಿಡಿಸಿ ಹಾಸಿದರೆ ಅಂಗೈಯಗಲದ ಜಾಗವೋ ಅದರ ಕೆಲವು ಪಟ್ಟೋ ಆದೀತು. ಎರೆಮಣ್ಣಿನ ಮುಖ್ಯ ಖನಿಜವಾದ ಸ್ಮೆಕ್ಟೈಟಿನ ಒಂದು ಗ್ರಾಮಿನ ಮೇಲ್ಮೈಯೋ 700 ಚದರ ಮೀಟರನ್ನು ಮೀರುವುದು. ಎರಡು ಟೆನಿಸ್ ಅಂಗಳಗಳಿಗಿಂತ ಹೆಚ್ಚು! ಕೆಂಪು ಮಣ್ಣಿನಲ್ಲಿ ಪ್ರಧಾನವಾದ ಕೇಯೊಲಿನೈಟಿನದು 10-20 ಚದರ ಮೀಟರು. ಈ ಮೇಲ್ಮೈಗಳ ಮೇಲೆ ಋಣ ವಿದ್ಯುದಂಶವಿರುವುದು. ಸೀಸ, ಕ್ಯಾಡ್ಮಿಯಂ ಮೊದಲಾದುವು ನೀರಿನಲ್ಲಿ ಧನ ಅಯಾನುಗಳಾಗಿರುವುದರಿಂದ ಜೇಡಿಯು ಅವನ್ನು ಸೆಳೆದು ಹಿಡಿಯುವುದು. ಆದರೆ ಕೊಳಚೆಯ ಸಾರಜನಕದಿಂದ ಹುಟ್ಟುವ ನೈಟ್ರೇಟು ಋಣ ಅಯಾನು. ಋಣವು ಋಣವನ್ನು ದೂಡುವುದು. ನೈಟ್ರೇಟು ಯಾರ ಕೈಗೂ ಸಿಕ್ಕದೆ ನೀರಿನೊಡನೆ ಕೆಳಗಿಳಿಯುವುದು.

ಇದನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಎರಡು ಪ್ಲಾಸ್ಟಿಕ್ ಸೀಸೆಗಳ ತಳ ಕತ್ತರಿಸಿ, ಬಾಯಿಗೆ ಹತ್ತಿ ತುರುಕಿ, ತಲೆಕೆಳಗಾಗಿ ನಿಲ್ಲಿಸಿ. ಒಣಗಿಸಿ ಪುಡಿಮಾಡಿದ ಎರೆಮಣ್ಣಿಗೆ ಎರಡರಷ್ಟು ತೊಳೆದ ಮರಳನ್ನು ಬೆರಸಿ ತುಂಬಿ (ಬರಿಯ ಎರೆಯಾದರೆ ಹಿಗ್ಗಿ ಕಟ್ಟಿಕೊಂಡು ಇಡೀ ದಿನ ಕಾದರೂ ನೀರು ಇಳಿಯದು). ಒಂದಕ್ಕೆ ಧನ ಅಯಾನಿನ ಬಣ್ಣವಾದ ಜೆನ್ಷಿಯನ್ ವಯೊಲೆಟನ್ನು ತೆಳುವಾಗಿ ಕರಗಿಸಿದ ನೀರನ್ನು, ಇನ್ನೊಂದಕ್ಕೆ ಋಣ ಅಯಾನಿನ ಬಣ್ಣವಾದ ಇಯೊಸಿನ್ ಕರಗಿದ ನೀರನ್ನು ಹೊಯ್ಯಿರಿ. ಮೊದಲನೆಯದರ ತಳದಿಂದ ಬಣ್ಣವಿಲ್ಲದ ನೀರೂ ಎರಡನೆಯದರಿಂದ ಕೆಂಪು ನೀರೂ ತೊಟ್ಟಿಕ್ಕುವುದನ್ನು ಕಾಣುವಿರಿ. ಮೊದಲನೆಯ ಬಣ್ಣ ಸೀಸದ ಪ್ರತಿನಿಧಿ, ಎರಡನೆಯದು ನೈಟ್ರೇಟಿನ ಪ್ರತಿನಿಧಿ. ಲೋಹ ಜಾತಿಯವೇ ಆದರೂ ಆರ್ಸೆನಿಕ್ಕು ಮತ್ತು ಕ್ರೋಮಿಯಮಿನ ಒಂದು ರೂಪ ಋಣ ಅಯಾನುಗಳಾಗಿ ಚಲಿಸುವುದರಿಂದ ಅವು ಎರಡನೆಯ ಪಂಗಡಕ್ಕೆ ಸೇರಿದುವು.

ನೈಟ್ರೇಟು ಕೆಳಗಿಳಿದು ಸೇರುವುದು ಕೊಳವೆಬಾವಿಯ ನೀರನ್ನು. ಈ ತಾಲ್ಲೂಕುಗಳ ಗ್ರಾನೈಟು, ನೈಸ್ ಶಿಲೆಗಳ ಬಿರುಕುಗಳಲ್ಲಿ ನಿಂತಿರುವ ನೀರಿನಲ್ಲಿ ಫ್ಲೋರೈಡಿನ ಕಾಟ ಮೊದಲೇ ಉಂಟು. ಅದು ಬಂಡೆಯಿಂದಲೇ ಕರಗಿ ಬಂದುದು, ಮನುಷ್ಯನ ತಪ್ಪಲ್ಲ. ಅದರ ಮೇಲೆ ನೈಟ್ರೇಟನ್ನೂ ಹೇರುವುದು ನಮ್ಮ ಕೈಯ ಕೆಲಸ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮನ್ನು ಮೀರಬಾರದೆಂದು ಭಾರತೀಯ ಮಾನಕ ವಿಧಿಸಿದೆ. ಮೀರಿದರೆ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿ ಕುಂದುವುದು. ಇಲ್ಲಿ ಮಳೆ ಕಡಮೆಯಲ್ಲವೆ, ರಾಶಿಯಿಂದ ಎಷ್ಟು ನೀರು ಇಳಿದೀತು ಎನ್ನಬಹುದು. ವರ್ಷಕ್ಕೆ 600 ಮಿಲಿಮೀಟರಿನಷ್ಟು ಮಳೆಯೆಂದರೂ 1,000 ಚದರ ಮೀಟರಿನ ರಾಶಿಯ ಮೇಲೆ ಬೀಳುವ ನೀರು 6 ಲಕ್ಷ ಲೀಟರು. ಬಹುಭಾಗ ಆವಿಯಾಗಿ ಹೋದರೂ ನಾಲ್ಕಾರು ಜಡಿಮಳೆಗಳಲ್ಲಿ ಒಮ್ಮೆಲೇ ಬರುವ ನೀರು ಆವಿಯಾಗಲು ಕಾದು ಕೂಡುವುದಿಲ್ಲ.

ಆ ನೀರು ಎಷ್ಟು ಬೇಗ ಇಳಿಯುವುದೆಂಬುದು ರಾಶಿಯ ಅಡಿಯ ನೆಲವನ್ನು ಅವಲಂಬಿಸಿದೆ. ಫ್ರಾನ್ಸಿನ ಡಿಜಾನ್ ನಗರದ ನೀರು ಸರಬರಾಜಿಗಾಗಿ ದುಡಿದ ಡಾರ್ಸಿ ಎಂಬ ಇಂಜಿನಿಯರು 1856ರಲ್ಲಿ ಪ್ರಕಟಿಸಿದ ನಿಯಮದಂತೆ ಲೆಕ್ಕ ಹಾಕಿದರೆ, ಒರಟು ಮರಳಿನಲ್ಲಿ ದಿನಕ್ಕೆ 8-9 ಮೀಟರಿನಷ್ಟು ನೀರು ಇಳಿಯಬಲ್ಲುದು. ಚೆನ್ನಾಗಿ ಅದುಮಿದ ಜೇಡಿಯಲ್ಲಿ ವರ್ಷಕ್ಕೆ ಕೇವಲ 3 ಸೆಂಟಿಮೀಟರು. ನೆಲಭರ್ತಿಯ ಗುಂಡಿಗಳಿಗೆ ಹಾಸುವ ಜೇಡಿಯ ಪದರಕ್ಕೆ ನಮ್ಮ ನಿಯಮಗಳು ಕೇಳುವುದು ಈ ಎರಡನೆಯ ಗುಣವನ್ನೇ. ಎರೆಭೂಮಿ ಹೇಗೂ ಜೇಡಿಯಲ್ಲವೆ ಎಂದು ರಾಶಿಯನ್ನು ನೇರವಾಗಿ ಅದರ ಮೇಲೆ ಸುರಿಯಬಾರದು. ಬೇಸಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟ ಎರೆಯಲ್ಲಿ ಮೊದಲ ಮಳೆಯ ನೀರು ಡಾರ್ಸಿಯ ಅಪ್ಪಣೆಯನ್ನು ಕೇಳದೆಯೇ ಕೆಳಗೆ ಹೋಗುವುದು.

ಕರ್ನಾಟಕದಲ್ಲಿ ಈ ಸಮಸ್ಯೆ ಬೃಹದ್ರೂಪದಲ್ಲಿ ಕಾಣಿಸಿಕೊಂಡುದು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ. ಸುಮಾರು 900 ಎಕರೆಯ ಈ ಕೆರೆಗೆ ನಗರದ ಕೊಳಚೆ ದಶಕಗಳ ಕಾಲ ಹರಿಯಿತು. 2015, 2017, 2018ರಲ್ಲಿ ಅದು ಹೊತ್ತಿ ಉರಿದ ಸುದ್ದಿ ದೇಶಾಂತರಗಳಿಗೆ ಹೋಯಿತು. 2006ರಲ್ಲಿಯೇ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಗಿದ್ದ ಒಂದು ಅಧ್ಯಯನವು ಆ ಕೆರೆಯ ನೀರು ಹಾಯಿಸಿದ ಹೊಲಗಳ ಮಣ್ಣಿನಲ್ಲಿಯೂ ಅಲ್ಲಿ ಬೆಳೆದ ಬತ್ತ, ತರಕಾರಿಗಳಲ್ಲಿಯೂ ಭಾರಲೋಹಗಳನ್ನು ಗುರುತಿಸಿತ್ತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠವು ಕೆರೆಯ ಪುನಶ್ಚೇತನಕ್ಕಾಗಿ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕವಾಗಿ ಇರಿಸಬೇಕೆಂದು ರಾಜ್ಯ ಸರ್ಕಾರಕ್ಕೆ ಆಜ್ಞಾಪಿಸಿ, ಉಸ್ತುವಾರಿಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಮುಂದೆ ಹೂಳೆತ್ತುವ ಕೆಲಸಕ್ಕೆ ಕೈಹಾಕಿದಾಗ ಯಂತ್ರಗಳಿಗಿಂತ ಹೆಚ್ಚು ಚರ್ಚೆಗೆ ಬಂದುದು ಎತ್ತಿದ ಹೂಳನ್ನು ಎಲ್ಲಿ ಹಾಕಬೇಕೆಂಬ ಪ್ರಶ್ನೆ: ಹಳೆಯ ಕಲ್ಲುಗಣಿಗಳಿಗೋ, ಹೊಲಗಳಿಗೋ? ನಮ್ಮ ಐದು ಊರುಗಳ ತಗ್ಗುಗಳು ಬೆಳ್ಳಂದೂರಲ್ಲ. ಆದರೆ ಪ್ರಶ್ನೆ ಅದೇ.

ಇನ್ನು ಪರೀಕ್ಷೆಯ ವಿಚಾರ. ಅಗೆಯುವ ಮೊದಲೇ ಜಾಗವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿಯೂ ಬೇರೆ ಬೇರೆ ಆಳದಿಂದ ಮಾದರಿ ತೆಗೆಯಬೇಕು. ಮಲಿನತೆ ಸಾಮಾನ್ಯವಾಗಿ ಮೇಲಿನ ಪದರದಲ್ಲಿಯೂ ಹಳೆಯ ಚರಂಡಿಯ ಜಾಡಿನಲ್ಲಿಯೂ ಹೆಚ್ಚು. ಮೂರು ಮೀಟರು ಕೆಳಗಿನ ಮೊರಂಬು ಚೊಕ್ಕಟವಾಗಿಯೇ ಇರಬಹುದು. ಜೆ.ಸಿ.ಬಿ. ಎಲ್ಲವನ್ನೂ ಒಂದೇ ರಾಶಿಗೆ ಎಳೆದರೆ ಒಂದು ಪಾಲು ಕೆಟ್ಟ ಮಣ್ಣು ನಾಲ್ಕು ಪಾಲು ಒಳ್ಳೆಯ ಮಣ್ಣನ್ನು ಕೆಡಿಸಿದಂತಾಯಿತು. ಕೊಳಚೆ ಎಂದೂ ಮುಟ್ಟದ, ಆದರೆ ಅದೇ ಜಾತಿಯ ಪಕ್ಕದ ನೆಲದಿಂದಲೂ ಮಾದರಿ ಬೇಕು. ಸಂಡೂರಿನ ಕಬ್ಬಿಣ, ಮ್ಯಾಂಗನೀಸುಗಳ ಬೆಟ್ಟಗಳು ನೆರೆಯಲ್ಲಿರುವ ಈ ಸೀಮೆಯಲ್ಲಿ ಪ್ರಕೃತಿಯೇ ಇಟ್ಟ ಲೋಹ ಎಷ್ಟು, ಚರಂಡಿ ತಂದುದು ಎಷ್ಟು ಎಂಬುದು ಈ ಹೋಲಿಕೆಯಿಲ್ಲದೆ ತಿಳಿಯದು.

ಕೈಯಲ್ಲಿ ಹಿಡಿಯುವ ಪಿಸ್ತೂಲಿನಾಕಾರದ ಎಕ್ಸ್-ಕಿರಣ ಯಂತ್ರವೊಂದು ಈಗ ಬಳಕೆಯಲ್ಲಿದೆ. ಎಕ್ಸ್-ಕಿರಣ ಬಿದ್ದಾಗ ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಶಕ್ತಿಯ ಎಕ್ಸ್-ಕಿರಣವನ್ನು ಮರಳಿ ಸೂಸುವುದು. 1913ರಲ್ಲಿ ಮೋಸ್ಲಿ ಕಂಡುಹಿಡಿದ ಕ್ರಮವೇ ಇದಕ್ಕೆ ಆಧಾರ. ಒಂದೆರಡು ನಿಮಿಷಗಳಲ್ಲಿ ಸೀಸ ಎಷ್ಟಿದೆಯೆಂದು ಅದು ತೋರಿಸುವುದು. ಆದರೆ ಸೀಸದ ಒಂದು ಪ್ರಮುಖ ರೇಖೆಯೂ ಆರ್ಸೆನಿಕ್ಕಿನ ಪ್ರಮುಖ ರೇಖೆಯೂ 10.5 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಒಂದರ ಮೇಲೊಂದು ಬೀಳುವುದರಿಂದ ಎಚ್ಚರವಿರಬೇಕು. ಹಸಿ ಮಣ್ಣಿನಲ್ಲಿ ಅಳತೆ ಕಡಮೆ ತೋರುವುದು. ಕ್ಯಾಡ್ಮಿಯಂ ಕಿಲೋಗ್ರಾಮಿಗೆ ಕೆಲವೇ ಮಿಲಿಗ್ರಾಮಿದ್ದರೆ ಇದಕ್ಕೆ ಕಾಣಿಸುವುದೇ ಇಲ್ಲ. ಅದಕ್ಕೆ ಪ್ರಯೋಗಶಾಲೆಗೆ ಹೋಗಲೇಬೇಕು. ಅಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡುವರು: ಮಣ್ಣಿಗೆ ಇಪ್ಪತ್ತರಷ್ಟು ತೂಕದ ತೆಳು ಅಸಿಟಿಕ್ ಆಮ್ಲವನ್ನು ಸೇರಿಸಿ 18 ಗಂಟೆಗಳ ಕಾಲ ಉರುಳಿಸಿ, ಎಷ್ಟು ಲೋಹ ದ್ರವಕ್ಕೆ ಬಂತೆಂದು ನೋಡುವುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಈ ದ್ರವದಲ್ಲಿ ಸೀಸ ಲೀಟರಿಗೆ 5 ಮಿಲಿಗ್ರಾಮನ್ನು, ಕ್ಯಾಡ್ಮಿಯಂ 1 ಮಿಲಿಗ್ರಾಮನ್ನು ಮುಟ್ಟಿದರೆ ಆ ಮಣ್ಣು ಅಪಾಯಕಾರಿ ತ್ಯಾಜ್ಯವೆನಿಸುವುದು. ಒಂದು ಕಿಲೋಗ್ರಾಮು ಮಣ್ಣಿನಲ್ಲಿ ಒಟ್ಟು ಸೀಸವೇ 60 ಮಿಲಿಗ್ರಾಮಿದ್ದರೆ, ಎಲ್ಲವೂ ಕರಗಿದರೂ 20 ಲೀಟರಿನಲ್ಲಿ ಹಂಚಿ ಲೀಟರಿಗೆ 3 ಮಿಲಿಗ್ರಾಮಾಗುವುದಷ್ಟೆ. ಅಂಥ ಮಣ್ಣಿಗೆ ಈ ಪರೀಕ್ಷೆಯ ಖರ್ಚೇ ಬೇಡ.

ಆದರೆ ಅಪಾಯಕಾರಿ ತ್ಯಾಜ್ಯವಲ್ಲವೆಂದ ಮಾತ್ರಕ್ಕೆ ಹೊಲಕ್ಕೆ ಯೋಗ್ಯವೆಂದಲ್ಲ. ನಗರದ ಕಸದ ಗೊಬ್ಬರದಲ್ಲಿ ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5, ಸೀಸ 100 ಮಿಲಿಗ್ರಾಮು ಮೀರಬಾರದೆಂಬ ಮಿತಿಯುಂಟು. ಗೋಡಿಗೂ ಇದೇ ಮಿತಿ ಸಾಕಲ್ಲವೆ ಎಂದು ಹೇಳುವವರಿದ್ದಾರೆ. ಲೆಕ್ಕ ನೋಡಿ. ಎಕರೆಗೆ 4 ಟನ್ನು ಗೊಬ್ಬರ ಹಾಕಿದರೆ ಬರುವ ಕ್ಯಾಡ್ಮಿಯಂ ಹೆಚ್ಚೆಂದರೆ 20 ಗ್ರಾಮು. ಗೋಡನ್ನು ಹಾಗೆ ಚಿಮುಕಿಸುವುದಿಲ್ಲ. ಎಕರೆಗೆ 8 ಟನ್ನಿನ 20 ಟಿಪ್ಪರು ಎಂದರೆ 160 ಟನ್ನು. ಅದೇ ಮಿತಿಯೊಳಗಿನ ಮಣ್ಣಿನಿಂದಲೇ 800 ಗ್ರಾಮು ಕ್ಯಾಡ್ಮಿಯಂ ಹೊಲ ಸೇರುವುದು. ಬೆಳೆಯೊಡನೆ ಅದು ಹೊರಹೋಗುವುದೆಷ್ಟು? ಎಕರೆಗೆ 10 ಕ್ವಿಂಟಲ್ ಜೋಳ, ಕಿಲೋಗ್ರಾಮು ಜೋಳದಲ್ಲಿ 0.1 ಮಿಲಿಗ್ರಾಮು ಕ್ಯಾಡ್ಮಿಯಂ ಎಂದಿಟ್ಟುಕೊಂಡರೆ ಒಂದು ಬೆಳೆಗೆ 0.1 ಗ್ರಾಮು. 800 ಗ್ರಾಮು ತೀರಲು ಎಂಟು ಸಾವಿರ ಬೆಳೆ!

ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗೆ ಸೇರಿ, ಅಕ್ಕಿಯ ಮೂಲಕ ಜನರ ಮೂಳೆಗೆ ಇಳಿದು ಮಾಡಿದ ಅನರ್ಥವನ್ನು ಅಲ್ಲಿನ ಸರ್ಕಾರ 1968ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡಿತು. ಕೆಟ್ಟ ಮೇಲ್ಮಣ್ಣಿನ ಜಾಗದಲ್ಲಿ ಹೊಸ ಮಣ್ಣು ತುಂಬುವ ಕೆಲಸ ಮುಗಿದುದು 2012ರಲ್ಲಿ.

ಆದುದರಿಂದ ಬೇರ್ಪಡಿಸುವುದೇ ಇಡೀ ಕೆಲಸದ ತಿರುಳು. ಚೊಕ್ಕಟವಾದ ಆಳದ ಮಣ್ಣು ತೊಟ್ಟಿಯ ಸುತ್ತ ತುಂಬಲು, ರಸ್ತೆಯ ಏರಿಗೆ ಉಪಯೋಗವಾಗಲಿ. ರೋಗಾಣು ಮತ್ತು ಸಾವಯವ ಕೊಳೆ ಮಾತ್ರ ಇರುವ ಮಣ್ಣನ್ನು ತಾಡಪತ್ರಿ ಹೊದಿಸಿ, ಸುತ್ತ ಬದು ಹಾಕಿ, ಅದುಮಿದ ಜೇಡಿಯ ಹಾಸಿನ ಮೇಲೆ ಇಟ್ಟು ಕಳಿಯಲು ಬಿಡಬೇಕು. ಲೋಹ ಮಧ್ಯಮ ಪ್ರಮಾಣದಲ್ಲಿದ್ದರೆ ಸುಣ್ಣ ಬೆರಸಿ ಆಮ್ಲತೆಯನ್ನು ತಗ್ಗಿಸಿ, ಘಟಕದ ಆವರಣದೊಳಗೇ ದಿಣ್ಣೆಯಾಗಿ ಮುಚ್ಚಿ, ಮೇಲೆ ಹುಲ್ಲು ಮರ ಬೆಳೆಸಬಹುದು. ತೀರ ಕೆಟ್ಟುದನ್ನು ಮಾತ್ರ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ಕೇಂದ್ರದಂಥ ಸ್ಥಳಕ್ಕೆ ಕಳುಹಿಸಬೇಕು. ಕೂಡ್ಲಿಗಿಯಿಂದ ಅದು 200 ಕಿಲೋಮೀಟರಿಗೂ ಹೆಚ್ಚು ದೂರ. 500 ಟಿಪ್ಪರು ಕಳುಹಿಸುವುದು ಯಾವ ಪಟ್ಟಣ ಪಂಚಾಯತಿಗೂ ಆಗದ ಮಾತು, ಐದಾರು ಕಳುಹಿಸಬಹುದು. ಅಗೆಯುವ ಮೊದಲು ಮಾದರಿ ತೆಗೆಯುವ ಖರ್ಚು ದುಂದೆನ್ನುವವರು ಈ ಎರಡು ಸಂಖ್ಯೆಗಳನ್ನು ಹೋಲಿಸಿ ನೋಡಬೇಕು.

ಹಡಗಲಿಯ ಕಡೆ ಒಂದು ವಾದ ಹುಟ್ಟಬಹುದು: ಮಲ್ಲಿಗೆಯನ್ನು ಯಾರೂ ತಿನ್ನುವುದಿಲ್ಲವಲ್ಲ, ಮಲ್ಲಿಗೆಯ ತೋಟಕ್ಕೆ ಈ ಮಣ್ಣು ಹಾಕಿದರೇನು? ವಾದ ಚಮತ್ಕಾರದ್ದೇ ಹೌದು. ಆದರೆ ಗಿಡದ ಬುಡ ಕೆದಕುವ ಕೈ, ಮಣ್ಣಿನಲ್ಲಿ ಆಡುವ ಮಗು, ತೋಟದ ಬಾವಿ ಇವೆಲ್ಲ ಇದ್ದೇ ಇರುತ್ತವೆ. ಹೂವಿನ ಬೆಲೆ ಕುಸಿದ ವರ್ಷ ಅದೇ ಜಾಗದಲ್ಲಿ ಮೆಂತ್ಯದ ಸೊಪ್ಪು ಬೆಳೆಯುವುದೂ ಉಂಟು. ಕೇಂದ್ರ ಸರ್ಕಾರವು 2025ರ ಜುಲೈನಲ್ಲಿ ಮಲಿನಗೊಂಡ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಆ ನಿಯಮಗಳು ಎಷ್ಟೇ ಬಿಗಿಯಾಗಿರಲಿ, ಯಾವ ಚೌಕದ, ಯಾವ ಆಳದ ಮಣ್ಣು ಯಾವ ದಿನ ಯಾವ ಸರ್ವೆ ನಂಬರಿನ ಜಮೀನಿಗೆ ಹೋಯಿತೆಂಬ ಪುಸ್ತಕವೊಂದನ್ನು ಕೆಲಸದ ಜಾಗದಲ್ಲಿಯೇ ಬರೆದಿಡದಿದ್ದರೆ, ಹತ್ತು ವರ್ಷಗಳ ಮೇಲೆ ಪರೀಕ್ಷಕರು ಯಾವ ಹೊಲದ ಮುಂದೆ ನಿಲ್ಲಬೇಕೆಂಬುದನ್ನು ಹೇಳಬಲ್ಲವರು ಯಾರೂ ಇರುವುದಿಲ್ಲ.